ಮಸಿಬಟ್ಟೆಗೆ ಸುರಕ್ಷಿತ ಒಳಪದರದ ಆಯ್ಕೆ

ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಯನ್ನು ಮನೆಯಲ್ಲೇ ಹೊಲಿಯುವಾಗ ಒಳಪದರದ ಆಯ್ಕೆಯಲ್ಲಿ ಎಚ್ಚರ ವಹಿಸಿರಿ.

ಸೂಕ್ತ: ಹಳೆಯ ಹತ್ತಿ ಬಟ್ಟೆಯ ಹಲವು ಪದರಗಳು ಅಥವಾ ಕುರಿಯುಣ್ಣೆಯ ಕಂಬಳಿ ತುಂಡು. ಇವುಗಳ ಎಳೆಗಳ ನಡುವಿನ ಗಾಳಿ ಶಾಖವನ್ನು ತಡೆಯುತ್ತದೆ, ಇವು ಕರಗುವುದಿಲ್ಲ.

ಸಲ್ಲದು: ದಿಂಬಿನ ಪಾಲಿಯೆಸ್ಟರ್ ನಾರು, ಸ್ಪಂಜು, ಬೂರುಗದ ಹತ್ತಿ. ಬೂರುಗದ ಹತ್ತಿ ಬೇಗನೆ ಹೊತ್ತಿಕೊಳ್ಳುತ್ತದೆ. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ಚರ್ಮಕ್ಕೆ ಅಂಟಿ, ಸುಟ್ಟಗಾಯವನ್ನು ಆಳಗೊಳಿಸುತ್ತದೆ. ಚೆನ್ನಾಗಿ ಕಾದ ರೊಟ್ಟಿ ಹಂಚು ಈ ಉಷ್ಣತೆಯನ್ನು ತಲುಪಬಲ್ಲದು.

ಪರೀಕ್ಷೆ: ಒಂದೆರಡು ಎಳೆಗಳನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ತಾಗಿಸಿರಿ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೃದು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರುತ್ತದೆ. ತಣಿದ ಮೇಲೆ ಬೆರಳಿಗೆ ಪುಡಿಯಾಗದ ಗಟ್ಟಿ ಮಣಿ ಉಳಿದರೆ ಆ ಬಟ್ಟೆಯನ್ನು ಬಳಸಬೇಡಿರಿ.

ಗಮನಿಸಿ: ಹೊರಬಟ್ಟೆ, ದಾರಗಳೂ ಹತ್ತಿಯವೇ ಆಗಿರಲಿ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಶಾಖವಾಹಕ; ಒದ್ದೆ ಮಸಿಬಟ್ಟೆಯಿಂದ ಪಾತ್ರೆ ಹಿಡಿಯಬೇಡಿರಿ.