ಭದ್ರಾವತಿಯ ಕುಲುಮೆಯಿಂದ ಅಂಗೈಯಗಲದ ಪರಿವರ್ತಕದವರೆಗೆ

ಬಂದ ವಿದ್ಯುತ್ತನ್ನು ಬೇಕಾದ ವೋಲ್ಟೇಜಿಗೂ ಬೇಕಾದ ಬಗೆಗೂ ಬದಲಿಸಿಕೊಡುವ ಸಾಧನಕ್ಕೆ ವಿದ್ಯುತ್ ಪರಿವರ್ತಕವೆಂದು ಹೆಸರು. ಶಿವಮೊಗ್ಗದ ರಾಗಿಗುಡ್ಡದ ಮನೆಗಳಲ್ಲಿ ಇಂದು ಅದು ಮೊಬೈಲ್ ಚಾರ್ಜರ್ ಆಗಿ, ಎಲ್‌ಇಡಿ ದೀಪದೊಳಗಿನ ಡ್ರೈವರ್ ಆಗಿ ಅಡಗಿ ಕುಳಿತಿದ್ದರೂ, ನೆರೆಯ ಭದ್ರಾವತಿಯಲ್ಲಿ ಏಳು ದಶಕಗಳ ಹಿಂದೆ ಅದೇ ತತ್ತ್ವ ಭಾರಿ ಗಾತ್ರದಲ್ಲಿ ದುಡಿಯುತ್ತಿತ್ತು.

1918ರಲ್ಲಿ ನಿರ್ಮಾಣ ಆರಂಭವಾಗಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ, ಕಲ್ಲಿದ್ದಲು ದೂರದಿಂದ ಬರಬೇಕಾಗಿದ್ದ ಕಾರಣ, ಮಲೆನಾಡಿನ ಕಾಡಿನ ಮರ ಸುಟ್ಟು ಪಡೆದ ಇದ್ದಿಲನ್ನೇ ಶಾಖಕ್ಕೂ ಅದಿರಿನ ಆಮ್ಲಜನಕ ತೆಗೆಯುವುದಕ್ಕೂ ಬಳಸುತ್ತಿತ್ತು. 1940ರ ದಶಕದ ಕೊನೆಯಲ್ಲಿ ಜೋಗದ ಜಲವಿದ್ಯುತ್ ದೊರೆತ ಮೇಲೆ, 1950ರ ದಶಕದಲ್ಲಿ ಇಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಶಾಖದ ಹೊಣೆ ವಿದ್ಯುತ್ತಿಗೆ ಸಂದುದರಿಂದ ಇದ್ದಿಲು ಅದಿರಿನ ಆಮ್ಲಜನಕ ತೆಗೆಯುವ ಕೆಲಸಕ್ಕಷ್ಟೇ ಸಾಕಾಯಿತು. ಕಾಡಿನ ಮೇಲಿನ ಹೊರೆ ತಗ್ಗಿಸಿದ ಈ ಬದಲಾವಣೆಗೆ ಚರಿತ್ರೆಯಲ್ಲಿ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ. ಇಂಥ ಕುಲುಮೆಗೆ ಕಡಿಮೆ ವೋಲ್ಟೇಜಿನಲ್ಲಿ ಸಾವಿರಾರು ಆಂಪಿಯರ್ ಪ್ರವಾಹ ಬೇಕು. ದೂರದಿಂದ ಹೆಚ್ಚು ವೋಲ್ಟೇಜಿನಲ್ಲಿ ಬಂದ ವಿದ್ಯುತ್ತನ್ನು ಹಾಗೆ ಇಳಿಸಿಕೊಡುವುದು ಪಕ್ಕದಲ್ಲೇ ನಿಂತ ಟ್ರಾನ್ಸ್‌ಫಾರ್ಮರಿನ ಕೆಲಸ. ಭದ್ರಾವತಿಯಲ್ಲಿ ತಯಾರಾಗುತ್ತಿದ್ದ ಫೆರೋಸಿಲಿಕಾನ್ ಎಂಬ ಮಿಶ್ರಲೋಹವೂ ಇದೇ ಕಥೆಗೆ ಸೇರಿದ್ದು: ಸುಮಾರು ಶೇ. 3ರಷ್ಟು ಸಿಲಿಕಾನ್ ಬೆರೆತ ಉಕ್ಕಿನ ತಗಡುಗಳಿಂದಲೇ ಟ್ರಾನ್ಸ್‌ಫಾರ್ಮರಿನ ತಿರುಳು ಕಟ್ಟುತ್ತಾರೆ.

ಪರಿವರ್ತಕಗಳ ತಯಾರಿಕೆ ಮಾತ್ರ ಬೆಂಗಳೂರಿನಲ್ಲಿ ಬೇರೂರಿತು. 1946ರಲ್ಲಿ ಹುಟ್ಟಿದ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಬಳಿಕ ಎನ್‌ಜಿಇಎಫ್, ಮೈಸೂರು ರಸ್ತೆಯ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ಇವೆಲ್ಲ ಆ ಸಾಲಿನವು. ಭಾರಿ ಗಾತ್ರದ ಪರಿವರ್ತಕ ಕುಗ್ಗಲು ದಾರಿ ಮಾಡಿದ್ದು ಅರೆವಾಹಕಗಳು: ವಿದ್ಯುತ್ತನ್ನು ಕ್ಷಣಾರ್ಧದಲ್ಲಿ ಹರಿಯಬಿಡುವ ಅರೆವಾಹಕ ಸ್ವಿಚ್ಚಾದ ಥೈರಿಸ್ಟರ್ 1957ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದರ ನಂತರ ಬಂದ ಟ್ರಾನ್ಸಿಸ್ಟರ್ ಸ್ವಿಚ್ಚುಗಳು ಇನ್ನೂ ಚುರುಕಾದವು. ಸೆಕೆಂಡಿಗೆ 50 ಆವರ್ತನದ ಬದಲು ಹತ್ತಾರು ಸಾವಿರ ಆವರ್ತನದಲ್ಲಿ ವಿದ್ಯುತ್ತನ್ನು ಕತ್ತರಿಸಿದರೆ ಅಷ್ಟೇ ಶಕ್ತಿ ದಾಟಿಸಲು ತೀರ ಚಿಕ್ಕ ತಿರುಳು ಸಾಕಾಗುತ್ತದೆ. ಪರಿವರ್ತಕ ಕುಗ್ಗಿದ ಗುಟ್ಟು ಅದೇ.

ಹೀಗೆ ಕುಗ್ಗಿದ್ದನ್ನು ಕೈಯಿಂದ ಜೋಡಿಸುವುದು ಕಷ್ಟವಾದುದರಿಂದ ಸ್ವಯಂಚಾಲಿತ ಸಾಲುಗಳು ಬಂದವು: ತೂತಿನ ತಗಡಿನ ಮೂಲಕ ಸರ್ಕ್ಯೂಟ್ ಹಲಗೆಯ ಮೇಲೆ ಬೆಸುಗೆಯ ಲೇಪ ಸವರಲಾಗುತ್ತದೆ, ರಾಗಿ ಕಾಳಿನಷ್ಟು ಗಾತ್ರದ ಬಿಡಿಭಾಗಗಳನ್ನು ಯಂತ್ರ ಗಾಳಿಯ ಹೀರುವಿಕೆಯಿಂದ ಎತ್ತಿ ಅದರ ಮೇಲಿಡುತ್ತದೆ, ಬಿಸಿ ಒಲೆಯೊಳಗೆ ಲೇಪ ಕರಗಿ ಬೆಸೆಯುತ್ತದೆ, ಕೊನೆಗೆ ಕ್ಯಾಮೆರಾ ಒಂದೊಂದು ಬೆಸುಗೆಯನ್ನೂ ಪರೀಕ್ಷಿಸುತ್ತದೆ.

ಲೋಹ, ಜಲವಿದ್ಯುತ್ತು, ಕುಲುಮೆ ನಡೆಸಿದ ಕೈಗಳು ಮೂರೂ ಒಂದೆಡೆ ಸೇರಿದ್ದ ಭದ್ರಾವತಿಯನ್ನು ಬಿಟ್ಟು ಬೆಂಗಳೂರಿನಿಂದಲೇ ಕರ್ನಾಟಕದ ಈ ಉದ್ಯಮದ ಚರಿತ್ರೆ ಆರಂಭಿಸಿದರೆ ಅದು ಅರ್ಧ ಚರಿತ್ರೆ ಮಾತ್ರ.