ಸಾಂಟೈಟ್

ಪೊಟ್ಯಾಸಿಯಂ ಮತ್ತು ಬೋರಾನ್‌ನ ಆಕ್ಸೈಡುಗಳು ನೀರಿನೊಡನೆ ಸೇರಿ ಆದ ಬಣ್ಣವಿಲ್ಲದ ಖನಿಜ. ಅಕ್ಕಸಾಲಿಗರು ಬಳಸುವ ಬಿಳಿಗಾರ ಸೋಡಿಯಂ ಬೋರೇಟ್. ಅದು ಗಣಿಗಳಲ್ಲಿ ಹೇರಳವಾಗಿ ಸಿಗುತ್ತದೆ. ಸಾಂಟೈಟ್ ಮಾತ್ರ ನಿಸರ್ಗದಲ್ಲಿ ಬಲು ಅಪರೂಪ. ಹಾಗಾಗಿ ಇದರ ಚರಿತ್ರೆ ಹಿಂದುಮುಂದಾಗಿದೆ: ಮೊದಲು ಪರಿಚಯವಾದದ್ದು ಪ್ರಯೋಗಾಲಯದಲ್ಲಿ ತಯಾರಿಸಿದ ಇದೇ ಲವಣ, ಖನಿಜ ಕಣ್ಣಿಗೆ ಬಿದ್ದದ್ದು ಆಮೇಲೆ.

ಅದು ಸಿಕ್ಕ ಜಾಗ ಇಟಲಿಯ ಟಸ್ಕನಿಯಲ್ಲಿರುವ ಲಾರ್ಡೆರೆಲ್ಲೊ. ಅಲ್ಲಿ ನೆಲದೊಳಗಿಂದ ಬಿಸಿ ಹಬೆ ಉಕ್ಕುತ್ತದೆ. ಆ ಸೀಮೆಯ ಬಿಸಿನೀರ ಹೊಂಡಗಳಲ್ಲಿ ಬೋರಿಕ್ ಆಮ್ಲ ಇರುವುದನ್ನು 1777ರಲ್ಲಿ ರಸಾಯನತಜ್ಞ ಹೋಫರ್ ಗುರುತಿಸಿದ. 1818ರಲ್ಲಿ ಫ್ರಾನ್ಸ್ವಾ ದ ಲಾರ್ಡೆರೆಲ್ ಅದನ್ನು ತೆಗೆಯುವ ಉದ್ಯಮ ಶುರುಮಾಡಿದ. ನೀರು ಇಂಗಿಸಲು ಸೌದೆ ಉರಿಸಬೇಕಿತ್ತು. 1827ರ ಹೊತ್ತಿಗೆ ಅವನು ನೆಲದ ಹಬೆಯನ್ನೇ ಉರುವಲಾಗಿಸಿದ. ಇದೇ ಹಬೆಯಿಂದ 1904ರಲ್ಲಿ ವಿದ್ಯುತ್ ದೀಪಗಳೂ ಬೆಳಗಿದವು. ಇಷ್ಟು ಜಾಲಾಡಿದ ನೆಲದಲ್ಲೇ 1970ರಲ್ಲಿ ವಿಜ್ಞಾನಿಗಳಾದ ಮೆರ್ಲಿನೊ ಮತ್ತು ಸಾರ್ಟೊರಿ ಈ ಹೊಸ ಖನಿಜವನ್ನು ವರ್ಣಿಸಿ, ಇಟಲಿಯ ನಿಸರ್ಗವಿಜ್ಞಾನಿ ಜಾರ್ಜೊ ಸಾಂಟಿಯ ಹೆಸರಿಟ್ಟರು.

ಇದರ ಹರಳಿನ ಒಳರಚನೆಯನ್ನಾದರೋ ವಿಜ್ಞಾನಿ ಜಕಾರಿಯಾಸೆನ್ 1930ರ ದಶಕದಲ್ಲೇ ಎಕ್ಸ್‌ರೇ ಮೂಲಕ ಬಿಡಿಸಿದ್ದ. ಐದು ಬೋರಾನ್ ಪರಮಾಣುಗಳು ಎರಡು ಉಂಗುರಗಳಾಗಿ ನಿಂತಿವೆ. ನಡುವಿನ ಒಂದು ಬೋರಾನ್ ಎರಡಕ್ಕೂ ಸೇರಿದ್ದು. ಅದರ ಸುತ್ತ ನಾಲ್ಕು ಆಕ್ಸಿಜನ್, ಮಿಕ್ಕ ನಾಲ್ಕು ಬೋರಾನ್‌ಗಳ ಸುತ್ತ ಮೂರು ಮೂರು.

ತಯಾರಿ ಸರಳ. ಒಂದು ಪಾಲು ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಐದು ಪಾಲು ಬೋರಿಕ್ ಆಮ್ಲವನ್ನು ಮೋಲ್ ಲೆಕ್ಕದಲ್ಲಿ ಬಿಸಿನೀರಲ್ಲಿ ಕರಗಿಸಿ ಆರಲು ಬಿಟ್ಟರೆ ಹರಳು ಕಟ್ಟುತ್ತದೆ. ಈ ಪ್ರಮಾಣ ಹದ ತಪ್ಪಿದರೆ ಬೇರೆ ಬೋರೇಟ್ ಬರಬಹುದು.

ಕಾಯಿಸಿದಾಗಲೇ ಇದರ ನಿಜವಾದ ಸ್ವಭಾವ ಹೊರಬೀಳುವುದು. ತೂಕದಲ್ಲಿ ಶೇ. 24.6ರಷ್ಟು ನೀರೇ. ಅದರಲ್ಲಿ ಅರ್ಧ ಹರಳಿನ ಸಂದುಗಳಲ್ಲಿ ಅಣುರೂಪದಲ್ಲೇ ಇದೆ. ಉಳಿದರ್ಧ ಬೋರಾನ್‌ಗೆ ಅಂಟಿಕೊಂಡ ಹೈಡ್ರಾಕ್ಸಿಲ್. ಶಾಖ ಏರಿದಂತೆ ಎರಡೂ ಹಬೆಯಾಗಿ ಹೋಗುತ್ತವೆ. ಜತೆಗೆ ಹರಳಿನ ಕಟ್ಟು ಕುಸಿದು, ಗಾಜಿನಂತೆ ಕ್ರಮವಿಲ್ಲದ ಪದಾರ್ಥವಾಗುತ್ತದೆ. ಇನ್ನೂ ಕಾಯಿಸಿದರೆ ನೀರಿಲ್ಲದ ಪೆಂಟಾಬೋರೇಟ್ (ಐದು ಬೋರಾನ್ ಇರುವ ಬೋರೇಟ್) ಆಗಿ ಮತ್ತೆ ಹರಳುಗಟ್ಟಿ, ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ.

ಪ್ರಯೋಗಾಲಯದಲ್ಲಿ ಬೆಳೆಸಿದ ದೊಡ್ಡ ಹರಳುಗಳು 1975ರಲ್ಲಿ ಲೇಸರ್ ಬೆಳಕಿನ ಆವರ್ತನವನ್ನು ಇಮ್ಮಡಿಗೊಳಿಸಿ 217.3 ನ್ಯಾನೊಮೀಟರ್‌ನ ಅತಿನೇರಳೆ ಕಿರಣ ಕೊಟ್ಟವು. 1980ರ ದಶಕದಲ್ಲಿ ಚೀನಾದ ವಿಜ್ಞಾನಿಗಳು ತಂದ ಬೇರಿಯಂ ಬೋರೇಟ್ ಹರಳಿನಲ್ಲಿ ನೀರಿರಲಿಲ್ಲ, ದಕ್ಷತೆಯೂ ಹೆಚ್ಚು; ಅತಿನೇರಳೆ ಲೇಸರ್ ಕೆಲಸಗಳು ಹೆಚ್ಚಾಗಿ ಅದರ ಪಾಲಾದವು.