ಶಿಲೆಯಲ್ಲಿನ ಹೆಸರು: ಹೊಯ್ಸಳ ರೂವಾರಿಗಳ ಅಂಕಿತವೂ ಕೃತಿಸ್ವಾಮ್ಯ ವಿಚಾರವೂ

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಅಲ್ಲಿಯ ವಿಗ್ರಹಗಳ ಚಿತ್ರಗಳು ಇಂದು ಡಿಜಿಟಲ್ ರೂಪವನ್ನು ತಾಳಿ ಕ್ಷಣಮಾತ್ರದಲ್ಲಿ ದೇಶಾಂತರಗಳನ್ನು ಮುಟ್ಟುತ್ತಿವೆ. ಹೀಗೆ ಹರಡುವ ರೂಪದ ಮೇಲೆ ಯಾರಿಗೆ ಎಷ್ಟು ಅಧಿಕಾರವುಂಟು, ಒಂದು ದೇಶದ ಕಾನೂನು ನೀಡಿದ ಹಕ್ಕು ಇನ್ನೊಂದು ದೇಶದಲ್ಲಿ ಹೇಗೆ ನಡೆಯಬೇಕು, ಒಬ್ಬನ ಹೆಸರನ್ನು ಅವನ ಸಮ್ಮತಿಯಿಲ್ಲದೆ ಬಳಸಬಹುದೆ ಎಂಬ ಪ್ರಶ್ನೆಗಳು ನ್ಯಾಯಸ್ಥಾನಗಳಲ್ಲಿ ಚರ್ಚೆಗೆ ಬಂದಿವೆ. ಈ ವಿಷಯದಲ್ಲಿ ಹೊಯ್ಸಳರ ಕಾಲದ ಸಾಕ್ಷ್ಯವು ಏನನ್ನು ತಿಳಿಸುತ್ತದೆಂಬುದನ್ನು ಪರ್ಯಾಲೋಚಿಸುವುದೇ ಈ ಲೇಖನದ ಉದ್ದೇಶವು.

ವಿಷ್ಣುವರ್ಧನನು ಬೇಲೂರಿನ ಕೇಶವದೇವರನ್ನು ಪ್ರತಿಷ್ಠಿಸಿದ್ದು ಕ್ರಿ. ಶ. 1117ರಲ್ಲಿ. ಆ ದೇವಾಲಯದಲ್ಲಿ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಗಳಿವೆ. ಇವುಗಳಲ್ಲಿ ಹಲವುಗಳ ಪೀಠದ ಮೇಲೆ ಅವನ್ನು ಕಡೆದವರ ಹೆಸರುಗಳು ಕಾಣುತ್ತವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಮೊದಲಾದವರು ಹೀಗೆ ನಮಗೆ ಪರಿಚಿತರಾಗಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿ ಕಾಳಿದಾಸಿ, ಕೇದಾರೋಜ ಮೊದಲಾದ ಹೆಸರುಗಳಿವೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿಯೂ, ನುಗ್ಗೇಹಳ್ಳಿ, ಸೋಮನಾಥಪುರಗಳಲ್ಲಿಯೂ ಮಲ್ಲಿತಮ್ಮನೆಂಬ ರೂವಾರಿಯ ಕೈವಾಡವು ಕಾಣುತ್ತದೆ. ರೈಸ್ ಸಾಹೇಬರು 1902ರಲ್ಲಿ ಹಾಸನ ಜಿಲ್ಲೆಯ ಶಾಸನಸಂಪುಟವನ್ನೂ, ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರು ದೇವಾಲಯದ ಗ್ರಂಥವನ್ನೂ ಪ್ರಕಟಿಸಿದ ಮೇಲೆ ಇಂತಹ ಹೆಸರುಗಳು ವಿದ್ವಜ್ಜನರ ದೃಷ್ಟಿಗೆ ಬಿದ್ದುವು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಇವು ಕೂಲಿಯ ಲೆಕ್ಕಕ್ಕಾಗಿ ಹಾಕಿದ ಗುರುತುಗಳೇ ಹೊರತು ಕರ್ತೃತ್ವದ ಘೋಷಣೆಗಳಲ್ಲವೆಂದು ಹೇಳಬಹುದಷ್ಟೆ. ಮಲ್ಲಿತಮ್ಮನು ಕೆಲವೆಡೆ ತನ್ನ ಹೆಸರನ್ನು ಒಂದೆರಡು ಅಕ್ಷರಗಳಿಗೆ ಇಳಿಸಿರುವುದನ್ನು ನೋಡಿದರೆ ಈ ಮಾತಿನಲ್ಲಿ ಸ್ವಲ್ಪ ಹುರುಳಿರುವಂತೆಯೂ ತೋರುತ್ತದೆ. ಆದರೆ ಬೇಲೂರು, ಹಳೇಬೀಡುಗಳ ಲಿಪಿಗಳು ಹೆಸರಿನೊಡನೆ ನಿಲ್ಲುವುದಿಲ್ಲ. ಬಿರುದುಳ್ಳ ಶಿಲ್ಪಿಗಳೆಂಬ ಮನ್ಮಥನಿಗೆ ತಾನು ಮಹೇಶ್ವರನೆಂದು ಒಬ್ಬನು ಹೇಳಿಕೊಳ್ಳುತ್ತಾನೆ. ಅಂತಹವರೆಂಬ ಪರ್ವತಕ್ಕೆ ತಾನು ವಜ್ರಾಯುಧವೆಂದು ಇನ್ನೊಬ್ಬನು ಹೇಳಿಕೊಳ್ಳುತ್ತಾನೆ. ಕೂಲಿಯ ಲೆಕ್ಕಕ್ಕೆ ಬಿರುದು ಬೇಕಾಗಿಲ್ಲ. ತಂದೆಯ ಹೆಸರೂ ಊರಿನ ಹೆಸರೂ ಜೊತೆಗೆ ಬಂದಿರುವುದು ಇನ್ನೂ ಗಮನಾರ್ಹವಾದುದು. ಬಳ್ಳಿಗಾವೆ, ಗದುಗುಗಳು ಆಗ ಕಲ್ಯಾಣದ ಚಾಲುಕ್ಯರ ನಾಡಿನಲ್ಲಿದ್ದುವು. ಪರಸ್ಥಳಕ್ಕೆ ಬಂದು ಕೆಲಸ ಮಾಡಿದ ಕುಶಲಿಯು ಇದು ತನ್ನದು, ತಾನು ಇಂತಹ ಊರಿನವನು ಎಂದು ನೋಡುವವರಿಗೆ ತಿಳಿಯಪಡಿಸಲು ಇಚ್ಛಿಸಿದನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗಾದರೆ ಇತರರು ತನ್ನ ರೂಪವನ್ನು ಅನುಕರಿಸಕೂಡದೆಂದು ಅವನು ನಿಷೇಧಿಸಿದನೆ? ಇಲ್ಲ. ಈ ಅಭಾವದ ಅರ್ಥವು ದಾನಶಾಸನಗಳೊಡನೆ ಹೋಲಿಸಿದರೆ ತಿಳಿಯುತ್ತದೆ. ಅರಸೀಕೆರೆ, ಬೇಲೂರು ಸೀಮೆಗಳಲ್ಲಿ ಭೂಮಿಯನ್ನು ದತ್ತಿಬಿಟ್ಟ ಶಾಸನಗಳ ಕೊನೆಯಲ್ಲಿ ದತ್ತಿಯನ್ನು ಅಪಹರಿಸಿದವನಿಗೆ ಗಂಗಾತೀರದಲ್ಲಿ ಗೋಹತ್ಯೆ ಮಾಡಿದ ಪಾಪವು ತಟ್ಟುವುದೆಂಬ ಬಗೆಯ ಶಾಪಾಶಯವು ಬರುತ್ತದೆ. ಅದು ಸ್ವವಂಶದ ಅರಸರನ್ನು ಮಾತ್ರವಲ್ಲದೆ ಪರವಂಶದ ಭಾವಿ ಅರಸರನ್ನೂ ಉದ್ದೇಶಿಸುವುದುಂಟು. ತನ್ನ ಆಜ್ಞೆಯು ಸಲ್ಲದ ಸ್ಥಳದಲ್ಲಿಯೂ ಕಾಲದಲ್ಲಿಯೂ ಹಕ್ಕನ್ನು ಉಳಿಸುವ ಉಪಾಯವು ಅದೇ ಆಗಿತ್ತು. ಆದರೆ ಮದನಿಕೆಯ ಪೀಠದ ಮೇಲೆ ಅಂತಹ ಶಾಪವಿಲ್ಲ. ಭೂಮಿಗೆ ಶಾಪದ ಬೇಲಿಯನ್ನು ಕಟ್ಟಿದ ಕಾಲವು ರೂಪವನ್ನು ಬಯಲಿನಲ್ಲಿಯೇ ಬಿಟ್ಟು, ಹೆಸರನ್ನು ಮಾತ್ರ ಕಲ್ಲಿನಲ್ಲಿ ನಿಲ್ಲಿಸಿತು.

ಅನುಕರಣದ ತಾರತಮ್ಯವನ್ನು ನಮ್ಮವರು ಅರಿಯದಿರಲಿಲ್ಲ. ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಕಾವ್ಯಗಳ ಸಾಮ್ಯವನ್ನು ಮೂರಾಗಿ ವಿಂಗಡಿಸಿದ್ದಾನೆ: ಕನ್ನಡಿಯ ಪ್ರತಿಬಿಂಬದಂತಹುದು, ಚಿತ್ರದಂತಹುದು, ಇಬ್ಬರು ಮನುಷ್ಯರ ದೇಹಸಾಮ್ಯದಂತಹುದು. ಮೊದಲಿನೆರಡು ತ್ಯಾಜ್ಯವು, ಮೂರನೆಯದು ಗ್ರಾಹ್ಯವು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಈ ವಿಚಾರವನ್ನು ಇನ್ನೂ ವಿಸ್ತರಿಸಿದ್ದಾನೆ. ವಸ್ತುವು ಸರ್ವಸಾಧಾರಣವು, ಅದನ್ನು ಹೊರಪಡಿಸಿದ ರೀತಿಗೆ ಮಾತ್ರ ಸ್ವಾಮ್ಯವುಂಟು ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರ್. ಜಿ. ಆನಂದರ ಮೊಕದ್ದಮೆಯಲ್ಲಿ ನಿರ್ಣಯಿಸಿದ್ದು ಈ ಮಾರ್ಗಕ್ಕೆ ದೂರವಾದುದಲ್ಲ. ಆದರೆ ಆಲಂಕಾರಿಕರು ವಿಧಿಸಿದ್ದು ಸಹೃದಯರ ಅನಾದರವನ್ನು, ದಂಡವನ್ನಲ್ಲ.

ಇಂದಿನ ಕಾನೂನಿನಲ್ಲಿ ಲಾಭದ ಹಕ್ಕು, ಹೆಸರಿನ ಹಕ್ಕು ಎಂದು ಎರಡು ಬೇರೆಯಾಗಿವೆ. 1886ರ ಬರ್ನ್ ಒಪ್ಪಂದವು ಪರದೇಶದ ಕರ್ತೃವಿಗೂ ಸ್ವದೇಶದವನಿಗೆ ಸಲ್ಲುವ ರಕ್ಷಣೆಯನ್ನೇ ಕೊಡಬೇಕೆಂದು ಸದಸ್ಯರಾಷ್ಟ್ರಗಳನ್ನು ಕಟ್ಟಿಹಾಕಿತು. 1928ರಲ್ಲಿ ರೋಮ್ ನಗರದಲ್ಲಿ ನಡೆದ ಪರಿಷ್ಕರಣದಿಂದ ಕರ್ತೃತ್ವವನ್ನು ಸಾರಿಕೊಳ್ಳುವ ನೈತಿಕ ಹಕ್ಕು ಅದರಲ್ಲಿ ಸೇರಿತು. ನಮ್ಮ 1957ರ ಕೃತಿಸ್ವಾಮ್ಯ ಶಾಸನದ 57ನೆಯ ಕಲಮು ಇದನ್ನೇ ಹೇಳುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ತಮ್ಮ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಹಾಳುಮಾಡಿದಾಗ ಶಿಲ್ಪಿ ಅಮರನಾಥ ಸೆಹಗಲ್ ಅವರು ಈ ಕಲಮನ್ನೇ ಆಶ್ರಯಿಸಿದರು. 2005ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಕರ್ತೃವಿನ ಆಯುಷ್ಯವೂ ಆ ಮೇಲಿನ 60 ವರ್ಷಗಳೂ ಲಾಭದ ಹಕ್ಕಿನ ಸಾಮಾನ್ಯ ಅವಧಿಯು. ಈ ಗಣನೆಯಲ್ಲಿ ಬೇಲೂರಿನ ರೂಪವು ಸರ್ವರ ಸೊತ್ತು. ಅದರ ಚಿತ್ರವನ್ನು ತೆಗೆದವನ ಹಕ್ಕು ಆ ಚಿತ್ರದ ಮೇಲೆಯೇ ಹೊರತು ಶಿಲೆಯ ಮೇಲಲ್ಲ.

ಹೆಸರಿಗೆ ಇನ್ನೊಂದು ಮುಖವೂ ಉಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ದಾಸೋಜನು ತನ್ನ ಹೆಸರನ್ನು ತಾನೇ ಬರೆದು ಹೊರಗಿಟ್ಟನು. ಇಂದಿನವನ ಹೆಸರೂ ವಿವರಗಳೂ ಅವನ ಅರಿವಿಲ್ಲದೆ ಸಂಗ್ರಹವಾಗುತ್ತಿವೆ. ಹೆಸರನ್ನು ಸಾರುವ ಹಕ್ಕೂ ಅದನ್ನು ಮರೆಯಲ್ಲಿಡುವ ಹಕ್ಕೂ ಒಂದೇ ಸ್ವಾತಂತ್ರ್ಯದ ಎರಡು ಅಂಗಗಳು. ಕೊಟ್ಟ ಹೆಸರನ್ನು ಅಳಿಸುವುದೂ ಕೊಡದ ಹೆಸರನ್ನು ಕಸಿಯುವುದೂ ಸಮಾನವಾದ ಅನ್ಯಾಯವೇ ಸರಿ.

ಈ ಅನ್ಯಾಯಗಳಲ್ಲಿ ಮೊದಲನೆಯದಕ್ಕೆ ನಾವೂ ಗುರಿಯಾಗಿದ್ದೇವೆ. ಬೇಲೂರಿನ ಶಿಲ್ಪವೆಲ್ಲವನ್ನೂ ಜನರ ಐತಿಹ್ಯವು ಜಕಣಾಚಾರಿ ಒಬ್ಬನಿಗೆ ಒಪ್ಪಿಸಿದೆ. ಕಥೆಯು ರಮ್ಯವಾದುದು, ಉಳಿಯಲಿ. ಆದರೆ ಮದನಿಕೆಗಳ ಪೀಠಲಿಪಿಗಳಲ್ಲಿ ಆ ಹೆಸರು ಕಾಣದು. ಕಲ್ಲಿನಲ್ಲಿ ಬರೆದ ಹೆಸರುಗಳನ್ನು ಬಾಯಿಯ ಮಾತು ಮರೆಯಿಸಿತು. ದಾಸೋಜನ ಪರವಾಗಿ ನ್ಯಾಯಸ್ಥಾನಕ್ಕೆ ಬರತಕ್ಕ ವಾರಸುದಾರನು ಇಂದು ಯಾರೂ ಇಲ್ಲ. ಅವನ ಪೀಠದ ಮೇಲೆ ಶಾಪವೂ ಇಲ್ಲ. ಆದಕಾರಣ ಆ ಹೆಸರಿನ ರಕ್ಷಣೆಯು ಓದುವವರ ಮತ್ತು ಓದಿಸುವವರ ಮೇಲೆಯೇ ನಿಂತಿದೆ. ಪಠ್ಯಪುಸ್ತಕದಲ್ಲಾಗಲಿ, ಡಿಜಿಟಲ್ ಸಂಗ್ರಹದಲ್ಲಾಗಲಿ ಅಂಕಿತವುಳ್ಳ ವಿಗ್ರಹದ ಚಿತ್ರವನ್ನು ಅಚ್ಚುಮಾಡುವವರು ಕೆಳಗೆ ರೂವಾರಿಯ ಹೆಸರನ್ನೂ ಅವನು ಹೇಳಿಕೊಂಡಿರುವ ಊರನ್ನೂ ತಪ್ಪದೆ ಸೇರಿಸಬೇಕು. ಅವನು ಕೇಳಿದ್ದು ಅಷ್ಟನ್ನೇ.